ಪ್ಲಾಸ್ಮಾಕ್ಕೆ ಒಂದು ಚೀಲ ಬರಫ್

ಗೆಳೆಯರೇ, ಇವತ್ತು ದೇವದುರ್ಗದ ನನ್ನ ವೆಲ್ಡಿಂಗ್ ಅಂಗಡಿಗೆ ಅರಕೇರಾದ ಮಲ್ಲಣ್ಣ ಒಂದು ಚೀಲ ಬರಫ್, ಅಂದರೆ ಐಸ್, ಹೊತ್ತು ಬಂದರು.

"ಕೆನ್ನಿ ಮ್ಯಾಲಿನ ಈ ಕರಿ ಮಚ್ಚಿ ದೊಡ್ಡದಾಗಾಕತ್ತದ. ತಣ್ಣನ ಪ್ಲಾಸ್ಮಾ ಚರ್ಮದ ಕ್ಯಾನ್ಸರ್ ಕೊಲ್ತದಂತ ಮೊಬೈಲ್‌ನಾಗ ನೋಡೀನಿ. ನಿನ್ನ ಬೋರ್ಡಿನ ಮ್ಯಾಲ ಪ್ಲಾಸ್ಮಾ ಕಟಿಂಗ್ ಅಂತ ಅದ. ತಣ್ಣಗ ಮಾಡಾಕ ಬರಫ್ ನಾನೇ ತಂದೀನಿ, ಒಂಚೂರು ಹಚ್ಚು."

"ಯಣ್ಣಾ, ದವಾಖಾನಿ ಪ್ಲಾಸ್ಮಾ ಚರ್ಮ ಸುಡಂಗಿಲ್ಲ. ಕರೆಂಟ್ ಕೊಟ್ಟ ಗಾಳಿಯೊಳಗ ಹುಟ್ಟೋ ಕಣಗಳು ಕ್ಯಾನ್ಸರ್ ಜೀವಕೋಶ ಸಾಯಿಸ್ತಾವಂತ. ಅದೂ ಇನ್ನಾ ಪರೀಕ್ಷಾದಾಗ ಅದ. ನಂದು ಕಬ್ಬಿಣ ಕೊಯ್ತದ!"

"ನನ್ನ ಚರ್ಮಾನೂ ಗಟ್ಟಿ ಅದ, ಬಿಡೋ."

ನಾನು ಗೇಟಿನ ಪಟ್ಟಿಯೊಂದನ್ನು ಕತ್ತರಿಸಿ ತೋರಿಸಿದೆ. ಕಿಡಿ ಹಾರಿದ್ದೇ ತಡ, ಮಲ್ಲಣ್ಣ ಕೆನ್ನೆ ಮುಚ್ಚಿಕೊಂಡು, "ರಾಯಚೂರು ಬಸ್ ಎಷ್ಟೊತ್ತಿಗದ?" ಎಂದರು. ಚರ್ಮದ ಡಾಕ್ಟರನ್ನು ಕಾಣಲು ನಾನೇ ಬಸ್ ಹತ್ತಿಸಿ ಬಂದೆ.

ಚೀಲ ಮಾತ್ರ ಇಲ್ಲೇ ಉಳಿದಿದೆ. ಶರಬತ್ತಿಗೆ ಬರುವವರು ಬೇಗ ಬನ್ನಿ. ಬರಫ್ ಪುಕ್ಕಟೆ, ನಿಂಬೆಹಣ್ಣು ನಿಮ್ಮದು.