ಒಂದೇ ಗಡಿಗೆಯ ಸ್ಟೇಷನ್

ಓಣಿಯ ಬಡಗಿ ಮೊನ್ನೆ ಮರ ಅಂಟಿಸುವ ಸರೇಸು ಕಾಯಿಸಿದ. ಆ ನಾತ ಮೂಗಿಗೆ ಬಡಿದದ್ದೇ ತಡ, ಗಡಿಯಾರದ ಕಾಕಾ ನೆನಪಾದರು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು; ನಾನು ಕಿಟಕಿ ತೆರೆದಿಟ್ಟೆ.

ನಾನು ಮಂಠಾಳದಿಂದ ಹುಮನಾಬಾದಿಗೆ ಸೊಸೆಯಾಗಿ ಬಂದದ್ದು ನಿಜಾಮರ ಕಾಲದಲ್ಲಿ. ಕಾಕಾ ನಮ್ಮ ಪಕ್ಕದ ಮನೆಯವರು. ಜಗುಲಿಯ ಮೇಲೆಯೇ ಗಡಿಯಾರ ರಿಪೇರಿ ಅಂಗಡಿ. ಕೀಲಿ ಕೊಟ್ಟರೆ ಓಡುವ ಆಟದ ರೈಲೊಂದು ಹಾಳಾಗಿ ಕೈಗೆ ಬಂದಿತ್ತು, ಅವರೇ ದುರಸ್ತಿ ಮಾಡಿಕೊಂಡಿದ್ದರು. ಆಗ ನಮ್ಮೂರಿಗೆ ರೈಲೆಲ್ಲಿಯದು? ನೋಡಬೇಕೆಂದರೆ ಬೀದರಿಗೆ ಹೋಗಬೇಕು. ಮುಪ್ಪಿನಲ್ಲಿ ಆಟಿಕೆ ಎಂದು ಓಣಿ ನಗುತ್ತಿತ್ತು. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ.

ರೈಲಿದೆ, ಸ್ಟೇಷನ್ ಇಲ್ಲ ಎಂಬುದೊಂದೇ ಅವರ ಕೊರಗು. ಹುಡುಕಿ ಹುಡುಕಿ ಕೊನೆಗೆ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಲ್ಲಿ ವಿಲಾಯತಿ ಡಬ್ಬಿಯೊಂದು ಸಿಕ್ಕಿತು. ಒಳಗೆ ದಪ್ಪ ರಟ್ಟಿನ ಹಾಳೆಗಳು. ಕತ್ತರಿಸಿ, ಮಡಚಿ, ಸರೇಸು ಹಚ್ಚಿದರೆ ಸ್ಟೇಷನ್, ಸಿಗ್ನಲ್ ಮನೆ, ಗೋದಾಮು. ಒಂದೊಂದು ಇಟ್ಟಿಗೆ, ಕಿಟಕಿಯ ಚಿಲಕ ಕೂಡ ಅಚ್ಚಾಗಿತ್ತು! ಹೊಗೆಗೂಡುಗಳನ್ನು ಮಾತ್ರ ಕಾಕಾ ಕಿತ್ತು ಬಿಸಾಕಿದರು.

"ಈ ಬಿಸಲಾಗ ಯಾವನು ಬೆಂಕಿ ಕಾಸ್ತಾನ ಯವ್ವಾ? ಕುಡಿಯಾಕ ನೀರ ಇಟ್ಟಿಲ್ಲ ನೋಡು ಈ ಮಂದಿ. ಒಂದು ಗಡಗಿ ಮಾಡಿ ಕೊಡು."

ಒಲೆಗೆ ಬಳಿಯುವ ಮಣ್ಣಿನಲ್ಲಿ ಕಡಲೆಕಾಳಿನಷ್ಟು ಗಡಿಗೆ ಮಾಡಿಕೊಟ್ಟೆ.

ದಸರೆಗೆ ಊರಿಗೆಲ್ಲ ತೋರಿಸಬೇಕೆಂದು ಕಾಕಾಗೆ ಆಸೆ. ಸಾಹುಕಾರರು ತಮ್ಮ ಮನೆಯ ದೊಡ್ಡ ಕಟ್ಟೆ ಕೊಟ್ಟರು. ಹಲಗೆಯೊಂದರ ಮೇಲೆ ಎಲ್ಲ ಜೋಡಿಸಿಯಾದಾಗ ಬಗ್ಗಿ ನೋಡಿದ ಸಾಹುಕಾರರ ಮುಖ ಗಂಟಿಕ್ಕಿತು. ಗಡಿಗೆ ಒಂದೇ ಇತ್ತು. ಆಗ ಸ್ಟೇಷನ್ನುಗಳಲ್ಲಿ ಹಿಂದೂಗಳ ನೀರು ಬೇರೆ, ಮುಸಲ್ಮಾನರ ನೀರು ಬೇರೆ. ಊರಾಚೆಯ ಕೇರಿಯವರಿಗೆ ಯಾರಾದರೂ ಮೇಲಿಂದ ಸುರಿದರೆ ಉಂಟು, ಇಲ್ಲದಿದ್ದರೆ ಇಲ್ಲ...

"ಎರಡು ಇಡ್ರಿ. ಇಲ್ಲಾಂದ್ರ ನನ್ನ ಕಟ್ಟಿ ಮ್ಯಾಲ ಇದು ಬ್ಯಾಡ," ಎಂದರು ಸಾಹುಕಾರರು.

"ಬೀದರದಾಗ ಎರಡೂ ಗಡಗಿ ನೀರು ಕುಡದೀನ್ರಿ ಸಾವ್ಕಾರ್ರ. ಎರಡೂ ಒಂದ ಬಾವೀವು. ಕಟ್ಟಿ ನಿಮ್ದು, ಸ್ಟೇಷನ್ ನಂದು," ಎಂದ ಕಾಕಾ ಹಲಗೆ ಸಮೇತ ಎಲ್ಲ ಎತ್ತಿಸಿದರು.

ಬೀದಿಯ ಧೂಳಿನಲ್ಲೇ ಹಲಗೆ ಇಟ್ಟು ರೈಲಿಗೆ ಕೀಲಿ ಕೊಟ್ಟರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸಾಹುಕಾರರ ಕಟ್ಟೆ ಹತ್ತುವ ಹಾಗಿಲ್ಲದ ಕೇರಿಯ ಹೆಣ್ಣುಮಕ್ಕಳು ದೂರ ನಿಂತಿದ್ದರು. "ಬರ್ರೆವ್ವಾ, ಬೀದಿ ಯಾರಪ್ಪಂದೂ ಅಲ್ಲ!" ಎಂದು ಕಾಕಾ ಕೂಗಿದರು. ಅವರು ಬಂದರು, ಹಲಗೆಯ ಸುತ್ತ ಕೂತರು. ನಾನು ಹೊಸ್ತಿಲು ದಾಟಿದೆ. "ಎಲ್ಲಿ ಹೊಂಟೀಯೇ?" ಎಂದು ಅತ್ತೆ ಹಿಂದಿನಿಂದ ಗದರಿದ್ದು ಕೇಳಿಸಿತು. ಸೆರಗು ಹೊದ್ದು ಹೋಗಿ ಆ ಹೆಣ್ಣುಮಕ್ಕಳ ಮಗ್ಗುಲಲ್ಲೇ ಕೂತೆ. ಸಂಜೆ ತಲೆಗೆ ನೀರು ಹೊಯ್ಸಿಯೇ ಅತ್ತೆ ನನ್ನನ್ನು ಒಳಗೆ ಬಿಟ್ಟರು. ಹೊಯ್ಸಿಕೊಂಡೆ, ಆದರೆ ತಪ್ಪಾಯಿತು ಎನ್ನಲಿಲ್ಲ.

ಮುಂದೆ ಕಾಕಾ ಬಸವಕಲ್ಯಾಣದಲ್ಲಿದ್ದ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಟ್ಟಿನ ಸ್ಟೇಷನ್ ಗೆದ್ದಲಿನ ಪಾಲಾಯಿತಂತೆ...

ನಿನ್ನೆ ನನ್ನ ಸೊಸೆ ಕಸ ಗುಡಿಸುವವಳಿಗೆ ಬೇರೆ ತೆಗೆದಿಟ್ಟ ಲೋಟದಲ್ಲಿ ಚಹಾ ಹಾಕಿದಳು. ಆ ಲೋಟವನ್ನು ತಿಪ್ಪೆಗೆ ಎಸೆದು, ನನ್ನ ಲೋಟದಲ್ಲೇ ಅವಳಿಗೆ ಚಹಾ ಕೊಟ್ಟೆ. ಸೊಸೆ ಮುಖ ಊದಿಸಿಕೊಂಡಿದ್ದಾಳೆ. ಊದಿಸಿಕೊಳ್ಳಲಿ. ಹೋಗಿ ಹೇಳೋಣವೆಂದರೆ ಪಕ್ಕದ ಜಗುಲಿಯಲ್ಲಿ ಕಾಕಾ ಇಲ್ಲ.