ಎರಡನೇ ಕೂಗಿಗೆ ಕಾಯುತ್ತಿದ್ದ ಬಚ್ಚಣ್ಣ

ಬಚ್ಚಣ್ಣ ಮೊದಲ ಕೂಗಿಗೆ ಓಗೊಡುತ್ತಿರಲಿಲ್ಲ. ತಲ್ಲೂರಿನ ನಮ್ಮ ದಡದಲ್ಲಿ ನಿಂತು ಯಾರಾದರೂ ‘ಹ್ವಾಯ್’ ಎಂದರೆ, ನಡುಹೊಳೆಯ ದ್ವೀಪದಂಥ ಕುದ್ರುವಿನಲ್ಲಿದ್ದ ತನ್ನ ಮನೆಯ ಮುಂದೆ ತೆಂಗಿನ ಮರಕ್ಕೊರಗಿ ಸುಮ್ಮನೆ ಕೂತಿರುತ್ತಿದ್ದ. ಕಿವಿ ಮಂದವೆಂದಲ್ಲ, ಕುದ್ರುವಿನ ಆ ತುದಿಯಲ್ಲಿ ತೆಂಗಿನ ಮಡಲು ಬಿದ್ದರೂ ಯಾವ ಮರದ್ದೆಂದು ಹೇಳುವ ಕಿವಿ ಅದು. ಇನ್ನೊಮ್ಮೆ ಕೂಗಿದರೆ ಮಾತ್ರ ‘ಬಂದೆ’ ಎಂದು ಎದ್ದು ದೋಣಿಯ ಹಗ್ಗ ಬಿಚ್ಚುತ್ತಿದ್ದ.

ಪ್ರವಾಸಿಗರನ್ನು ಹೊಳೆ ಸುತ್ತಿಸುವುದು ಅವನ ಕಸುಬು. ಮೋಟಾರಿನ ಒಂದು ದೋಣಿ, ಬಿಸಿಲಿಗೆ ಬಣ್ಣ ಹೋದ ಕೆಲವು ಲೈಫ್ ಜಾಕೆಟ್, ಇಷ್ಟೇ ಬಂಡವಾಳ. ಪ್ರತಿಯೊಬ್ಬರಿಗೂ ಜಾಕೆಟ್ ತೊಡಿಸಿ, ಬೆಲ್ಟನ್ನು ತಾನೇ ಬಿಗಿದು, ಬೆನ್ನಿಗೊಂದು ತಟ್ಟಿದ ಮೇಲೆಯೇ ಹೊರಡುವುದು. ಹೊಟ್ಟೆ ದೊಡ್ಡದಿದ್ದವರಿಗೆ, “ಉಸ್ರ್ ಎಳ್ಕಣಿ ಮರ್ರೆ, ನಾಚ್ಕಿ ಎಂತಕ್ಕೆ? ಹೊಳಿ ಎಂತಾ ತೂಕ ಮಾಡುದಿಲ್ಲ” ಎಂದು ನಗಿಸುತ್ತಿದ್ದ. ಅವನ ಹೆಂಡತಿ ಗಿರಿಜಕ್ಕ ಊಟಕ್ಕೆ ಕರೆಯುವಾಗಲೂ “ಹ್ವಾಯ್, ಹ್ವಾಯ್, ಉಂಬುಕ್ ಬನ್ನಿ” ಎಂದೇ ಕರೆಯಬೇಕು. ಮದುವೆಯಾದಂದಿನಿಂದ ಅದೇ ಅಭ್ಯಾಸವಾಗಿ, ಆಕೆ ಬೆಕ್ಕನ್ನೂ ಎರಡೆರಡು ಸಲ ಕರೆಯುತ್ತಿದ್ದಳು.

ನಾನು ಊರಿನ ವಾಲಿಬಾಲ್ ಸಂಘದ ಕಾರ್ಯದರ್ಶಿ. ನಮ್ಮ ಅಂಗಣವಿರುವುದು ಬಚ್ಚಣ್ಣ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ದಡದಲ್ಲೇ. ಒಂದು ದಿನ ತಡೆಯಲಾರದೆ ಕೇಳಿದೆ.

“ಬಚ್ಚಣ್ಣ, ಒಂದ್ ಸಲ ಕೂಗಿರೆ ಎಂತಕ್ ಮಾತಾಡುದಿಲ್ಲ ನೀವ್?”

“ಮನ್ಷ್ರಾದ್ರೆ ಇನ್ನೊಂದ್ ಸಲ ಕೂಗ್ತ್ರ್ ಮಾರಾಯ. ಅವ್ಕೆ ಬಪ್ಪುದ್ ಒಂದೇ ಕೂಗ್.”

ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ: “ಸೇತ್ವಿ ಆಪುಕ್ ಮುಂಚೆ ನಮ್ ಅಪ್ಪಯ್ಯ ಜನ ದಾಟ್ಸ್ತಿದ್ರ್. ಒಂದ್ ಮೂರ್ಸಂಜಿಗ್ ಒಂದ್ ಕೂಗ್ ಬಂತ್. ‘ಬಂದೆ’ ಅಂದ್ರ್, ಹೋದ್ರ್. ದೋಣಿ ಮಾತ್ರ ವಾಪಸ್ ಬಂತ್.” ಹೇಳುವಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದ. ನಕ್ಕುಬಿಟ್ಟೆನಾದರೂ, ಆಮೇಲೆ ಸಂಜೆ ಹೊತ್ತು ಅಂಗಣದ ಬಲೆ ಬಿಚ್ಚಲು ಒಬ್ಬನೇ ನಿಲ್ಲುವುದು ನನಗೆ ಅಷ್ಟು ಹಿತವಾಗಲಿಲ್ಲ.

ಕೊರೋನಾ ಬಂತು. ಹೊಳೆ ನೋಡುವವರಿಲ್ಲ, ಚೆಂಡು ಹೊಡೆಯುವವರಿಲ್ಲ. ಬಚ್ಚಣ್ಣನ ದೋಣಿಯ ತಳ ಬಿರುಕು ಬಿಟ್ಟು, ಉಪ್ಪುಗಾಳಿಗೆ ಎಂಜಿನ್ ತುಕ್ಕು ಹಿಡಿಯಿತು. ಬೈಂದೂರಿನ ಒಬ್ಬ ವ್ಯಾಪಾರಿ ಅದನ್ನು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಅಷ್ಟರಲ್ಲಿ ಸಣ್ಣ ಪ್ರವಾಸೋದ್ಯಮದವರಿಗೂ ಕ್ರೀಡಾ ಸಂಘಗಳಿಗೂ ಸರಕಾರ ನೆರವು ಕೊಡುತ್ತದೆಂಬ ಸುದ್ದಿ ಬಂತು. ನಾವಿಬ್ಬರೂ ಕುಂದಾಪುರಕ್ಕೆ ಹೋಗಿ ಒಟ್ಟಿಗೇ ಅರ್ಜಿ ಹಾಕಿದೆವು. ನೆರವು ಸಿಕ್ಕಿದರೆ ದೋಣಿ ಉಳಿಯಿತು, ಇಲ್ಲದಿದ್ದರೆ ಬೈಂದೂರಿಗೆ ಹೋಯಿತು. “ದೋಣಿ ಹೋರೆ ನಾ ಕುದ್ರಂಗೆ ಕೂತ್ ಎಂತ ಮಾಡುದ್, ತೆಂಗಿನ್ಮರ ಎಣ್ಸುದಾ?” ಎಂದಿದ್ದ ಬಚ್ಚಣ್ಣ, ಬಸ್ಸಿನಲ್ಲಿ.

ಕಸುಬು ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಲು ಅಧಿಕಾರಿಯೊಬ್ಬರು ಬಂದ ದಿನ ನಾನು ಅತ್ತೆಯವರಿಗೆ ಲಸಿಕೆ ಹಾಕಿಸಲು ಬ್ರಹ್ಮಾವರದಲ್ಲಿದ್ದೆ. “ದಡದಲ್ಲಿ ನಿಂತು ಎರಡು ಸಲ ಕೂಗಿ ಸರ್, ಮರೆಯಬೇಡಿ” ಎಂದು ಫೋನಿನಲ್ಲಿ ಹೇಳಿದ್ದೆ. ಅವರು ನಕ್ಕಿದ್ದರು. ಅಂಗಣದಲ್ಲಿ ಕಟ್ಟಿದ್ದ ನಮ್ಮ ಬಲೆಯ ಫೋಟೊ ತೆಗೆದರು. ದಡಕ್ಕೆ ಹೋಗಿ ಒಂದೇ ಸಲ ಕೂಗಿದರು. ಬರಿಯ ನೀರಿನ ಫೋಟೊ ತೆಗೆದುಕೊಂಡು ಕಾರು ಹತ್ತಿದರು. ನಮ್ಮ ಸಂಘಕ್ಕೆ ನೆರವು ಮಂಜೂರಾಯಿತು. ಬಚ್ಚಣ್ಣನ ದೋಣಿ ‘ಚಾಲ್ತಿಯಲ್ಲಿಲ್ಲ’ ಎಂದಾಯಿತು.

ನನಗೆ ಎಲ್ಲಿಲ್ಲದ ಸಿಟ್ಟು ಬಂದು ಅವನನ್ನೇ ಬೈದೆ. “ಕಣ್ಣಾರೆ ಕಂಡ್ರಲೆ, ಹೋಪುಕ್ ಎಂತಾಯ್ತ್ ನಿಮ್ಗೆ?”

“ಕಂಡೆ ಮಾರಾಯ,” ಎಂದ ಬಚ್ಚಣ್ಣ. “ಮಾಸ್ಕ್ ಹಾಕ್ಕಂಡ್ ನಿಂತಿದ್ರ್. ಬಾಯಿಲ್ಲೆ, ಮೂಗಿಲ್ಲೆ. ಒಂದೇ ಕೂಗ್. ನಾ ಹೇಂಗ್ ಹೋಪುದ್?”

ನಾನು ಕಚೇರಿಗೆ ಹೋಗಿ ಕೈಮುಗಿದೆ. ಇನ್ನೊಮ್ಮೆ ಬರುತ್ತೇವೆ ಎಂದರು, ಯಾವತ್ತೆಂದು ಹೇಳಲಿಲ್ಲ. ಅದನ್ನು ತಿಳಿಸಿದಾಗ ಬಚ್ಚಣ್ಣ ದೋಣಿಯ ಬಿರುಕಿಗೆ ತೇಪೆ ಹಚ್ಚುತ್ತಿದ್ದ. ಅದನ್ನು ಹಚ್ಚಿ ಮುಗಿಸಿ ಕೈ ಒರೆಸಿಕೊಂಡ. ಕೊನೆಗೆ, “ಇನ್ ಒಂದೇ ಕೂಗಿಗ್ ಹೋಪುದೇ. ಅಪ್ಪಯ್ಯನ್ ಹೆದ್ರಿಕಿ ಹಿಡ್ಕಂಡ್ ಕೂತ್ರೆ ದೋಣಿ ಉಳುದಿಲ್ಲ” ಎಂದ. ನಾನು ಅವನೊಡನೆ ಮಾತಾಡಿದ್ದು ಅದೇ ಕೊನೆ.

ಕೆಲವು ದಿನಗಳ ಮೇಲೆ, ಒಂದು ಮುಸ್ಸಂಜೆ, ಅಂಗಣದಲ್ಲಿ ಬಲೆ ಸುತ್ತುತ್ತಿದ್ದೆ. ದಡದ ಕಡೆಯಿಂದ ‘ಹ್ವಾಯ್’ ಎಂದು ಕೇಳಿಸಿತು. ಒಂದೇ ಸಲ. ಕುದ್ರುವಿನಿಂದ ಕೂಡಲೇ ‘ಬಂದೆ’ ಎಂದ ಬಚ್ಚಣ್ಣ. ಅಂತೂ ಅಧಿಕಾರಿ ಬಂದರಲ್ಲ ಎಂದು ನನಗೆ ಖುಷಿಯೋ ಖುಷಿ. ಎಂಜಿನ್ ಕೆಮ್ಮುತ್ತಾ ಹತ್ತಿರ ಬಂತು, ನಿಂತಿತು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ದೂರ ಹೋಯಿತು. ಬಲೆ ಹೆಗಲಿಗೇರಿಸಿ ರಸ್ತೆಗೆ ಬಂದರೆ ಅಲ್ಲಿ ಕಾರೂ ಇರಲಿಲ್ಲ, ಬೈಕೂ ಇರಲಿಲ್ಲ.

ಬೆಳಿಗ್ಗೆ ದೋಣಿ ನಮ್ಮ ದಡದಲ್ಲಿ ಕಟ್ಟಿತ್ತು. ಗಂಟು ಬಚ್ಚಣ್ಣನದೇ. ಪ್ರವಾಸಿಗರು ಕೂರುವ ಹಲಗೆಯ ಮೇಲೆ ಒಂದು ಲೈಫ್ ಜಾಕೆಟ್ ನೆಟ್ಟಗೆ ಕೂತಿತ್ತು. ಬೆಲ್ಟು ಬಿಗಿದಿತ್ತು, ಒಳಗೆ ಯಾರೂ ಇರಲಿಲ್ಲ. ಹುಡುಕುವವರು ಸಮುದ್ರದ ಬಾಯಿಯವರೆಗೂ ಹುಡುಕಿದರು. ಬಚ್ಚಣ್ಣ ಸಿಗಲಿಲ್ಲ.

ಅಧಿಕಾರಿ ಆಮೇಲೆ ಬಂದರು. ಆ ಮುಸ್ಸಂಜೆ ಬಂದದ್ದು ತಾವಲ್ಲ, ಹೋದ ಸಲದ ಮೇಲೆ ಬರುತ್ತಿರುವುದು ಇದೇ ಮೊದಲು ಎಂದರು. ಕಟ್ಟಿದ ದೋಣಿ ನೋಡಿ ‘ಚಾಲ್ತಿಯಲ್ಲಿದೆ’ ಎಂದು ಬರೆದುಕೊಳ್ಳಲು ಹೊರಟವರನ್ನು ನಾನೇ ತಡೆದೆ.

ಗಿರಿಜಕ್ಕ ಈಗಲೂ ಕುದ್ರುವಿನಲ್ಲೇ ಇದ್ದಾಳೆ. ಮುಸ್ಸಂಜೆಗೆ ನೀರಿಗಿಳಿದು ನಿಂತು ‘ಹ್ವಾಯ್’ ಎನ್ನುತ್ತಾಳೆ, ನಮ್ಮ ಆಟ ಅಲ್ಲಿಗೇ ನಿಂತುಬಿಡುತ್ತದೆ. ಎರಡೆರಡು ಸಲ ಕರೆದು ರೂಢಿಯಾದ ಬಾಯಿ ಅದು; ಆದರೂ ಒಂದೇ ಸಲ ಕೂಗಿ ಒಳಗೆ ಹೋಗುತ್ತಾಳೆ. ಯಾಕೆ ಗಿರಿಜಕ್ಕ ಎಂದು ಕೇಳಿದ್ದೆ.

“ಇನ್ನೊಂದ್ ಸಲ ಕೂಗಿರೆ ಅವ್ರ್ ಬಪ್ಪುಕೂ ಸಾಕ್,” ಎಂದಳು. “ಬಂದದ್ ಅವ್ರೇ ಅಂದೇಳಿ ನಾ ಹೇಂಗ್ ನಂಬುದ್?”