ಎಡಕ್ಕೆ ತಿರುಗಿದ ಡಿಎನ್‌ಎ

ಬಾಟಲಿಯ ಮುಚ್ಚಳವನ್ನು ಮೊದಲ ಸಲಕ್ಕೇ ಸರಿಯಾದ ದಿಕ್ಕಿಗೆ ತಿರುಗಿಸಿದ ಕೀರ್ತಿ ನನಗೆ ಈ ತನಕ ದಕ್ಕಿಲ್ಲ. ಬಿಚ್ಚಲು ಹೋಗಿ ಬಿಗಿ ಮಾಡುವ ಈ ದಿಗ್ಭ್ರಮೆ ನಮ್ಮ ಅಡುಗೆಮನೆಯ ಖಾಸಗಿ ಅವಮಾನವೆಂದೇ ನಂಬಿದ್ದೆ, ಮಾರಾಯರೆ, ಅದು ಕುಮಟೆಯ ಕಾಲೇಜೊಂದರ ಅಂಗಳದಲ್ಲಿ ಸಿಮೆಂಟಿನ ರೂಪ ತಾಳಿ ನಿಲ್ಲುವವರೆಗೆ.

ಡಿಎನ್‌ಎಯ ರಚನೆ ಪತ್ತೆಯಾದ ನೆನಪಿಗೆ ಅದರದೊಂದು ಎತ್ತರದ ಮಾದರಿ ಕಟ್ಟಿಸಬೇಕೆಂದು ಆ ಕಾಲೇಜಿನ ಅಧ್ಯಕ್ಷರಿಗೆ ಹೊಳೆಯಿತು. ಹೊನ್ನಾವರದಲ್ಲಿ ಐಸ್ ಫ್ಯಾಕ್ಟರಿ ನಡೆಸುವ ಅವರು ಎಂಥ ಬಿಸಿ ಚರ್ಚೆಯನ್ನೂ ತಣ್ಣಗಾಗಿಸಬಲ್ಲವರು. ನಿವೃತ್ತ ಕನ್ನಡ ಮೇಷ್ಟ್ರಾದ ನನ್ನನ್ನು ಸಮಿತಿಗೆ ಸೇರಿಸಿಕೊಂಡದ್ದು ಶಿಲಾಫಲಕದ ಕಾಗುಣಿತಕ್ಕೆ. ಭಟ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ ನಜೀಮಾ ಅವರನ್ನು ಮಾತ್ರ ಕರೆಯಲಿಲ್ಲ. ವಿಷಯ ತಿಳಿದವರಿದ್ದರೆ ಸಭೆ ಬೇಗ ಮುಗಿಯುವುದಿಲ್ಲವಲ್ಲ!

ಯಾವುದೋ ಟ್ಯೂಷನ್ ಕ್ಲಾಸಿನ ಜಾಹೀರಾತಿನಲ್ಲಿದ್ದ ಚಿತ್ರವನ್ನು ಅಧ್ಯಕ್ಷರು ಕೊಟ್ಟರು. ಮಿರ್ಜಾನದ ಶಿಲ್ಪಿ ಅದರಂತೆಯೇ ಕಟ್ಟಿ ಬಣ್ಣ ಬಳಿದರು. ಉದ್ಘಾಟನೆ ಹತ್ತಿರವಾದಾಗ ನಜೀಮಾ ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸರ್, ಇದರ ಸುರುಳಿ ಎಡಕ್ಕೆ ತಿರುಗಿದೆ. ನಮ್ಮ ಮೈಯಲ್ಲಿರೂದು ಬಲಕ್ಕೆ ತಿರುಗ್ತದೆ, ಮಾಮೂಲಿ ಸ್ಕ್ರೂ ಹಾಗೆ."

"ಅದಕ್ಕೆಂತ? ತಲೆಕೆಳಗೆ ಮಾಡಿ ನಿಲ್ಸಿದ್ರೆ ಆತು," ಎಂದರು ಅಧ್ಯಕ್ಷರು.

ನಜೀಮಾ ಶಿಲ್ಪಿಯ ಚೀಲದಿಂದ ಒಂದು ಸ್ಕ್ರೂ ತೆಗೆದು ತಲೆಕೆಳಗೆ ಹಿಡಿದು ತೋರಿಸಿದರು. ಸುರುಳಿ ತನ್ನ ದಿಕ್ಕು ಬಿಡಲಿಲ್ಲ. ಎಡದವರು ಬಲಕ್ಕೆ ಬರಲು ಒಂದು ಲಾಗ ಹಾಕಿದರೆ ಸಾಕೆಂಬ ನಿಯಮ ರಾಜಕೀಯಕ್ಕೇ ಮೀಸಲು. ಜೀವಶಾಸ್ತ್ರ ಅದನ್ನಿನ್ನೂ ಅಂಗೀಕರಿಸಿಲ್ಲ.

"ಯಾರು ನೋಡ್ತಾರ್ರಿ ಇದನ್ನೆಲ್ಲ?"

"ಮಕ್ಕಳು ನೋಡ್ತಾರೆ ಸರ್. ಒಡೆದು ಮತ್ತೆ ಕಟ್ಟಿಸ್ಬೇಕು."

ಬರುವ ವರ್ಷ ನಜೀಮಾ ಅವರ ಕೆಲಸ ಉಳಿಯುವುದೋ ಇಲ್ಲವೋ ಎಂಬುದು ಇದೇ ಅಧ್ಯಕ್ಷರ ಕೈಯಲ್ಲಿತ್ತು. ನಜೀಮಾ ಅವರ ಬೆರಳುಗಳು ಸ್ಕ್ರೂವನ್ನು ಬಿಗಿಯಾಗಿ ಹಿಡಿದಿದ್ದವು. ನನಗೆ ಎಲ್ಲಿಂದ ಧೈರ್ಯ ಬಂತೋ, "ಇದೂ ಕಾಗುಣಿತದ ತಪ್ಪೇ. ತಪ್ಪು ಮಾದರಿಗೆ ನಾನು ಫಲಕ ಬರೆದುಕೊಡೂದಿಲ್ಲ," ಎಂದುಬಿಟ್ಟೆ. ಅಧ್ಯಕ್ಷರು ಇಬ್ಬರನ್ನೂ ನೋಡಿದರು, ಪತ್ರಿಕೆಯವರು ನಕ್ಕಾರೆಂದು ಲೆಕ್ಕ ಹಾಕಿದರೋ ಏನೋ, "ಒಡೀರಿ" ಎಂದರು.

ಹೊಸ ಮಾದರಿ ಸರಿಯಾಗಿ ಬಲಕ್ಕೇ ತಿರುಗಿತು. ಉದ್ಘಾಟನೆಯ ದಿನ ಪರದೆ ಸರಿದಾಗ ಫಲಕ ಓದಿದೆ. ನಾನು ಬರೆದುಕೊಟ್ಟಿದ್ದ ನಜೀಮಾ ಅವರ ಹೆಸರು ಅದರಲ್ಲಿರಲಿಲ್ಲ. 'ಅಧ್ಯಕ್ಷರ ಸೂಕ್ಷ್ಮ ವೈಜ್ಞಾನಿಕ ದೃಷ್ಟಿಯ ಫಲ' ಎಂದು ಕೆತ್ತಿತ್ತು. ಕಾಗುಣಿತ ಮಾತ್ರ ನಿರ್ದುಷ್ಟ.

ನಾನು ಕುದಿಯುತ್ತಾ ಹೋಗಿ ಹೇಳಿದರೆ ನಜೀಮಾ ನಕ್ಕರು. "ಬಿಡಿ ಸರ್. ಈ ರಚನೆ ತಿಳಿಯೂಕೂ ಒಬ್ಬ ವಿಜ್ಞಾನಿ ಹೆಂಗಸಿನ ಪ್ರಯೋಗದ ಎಕ್ಸ್‌ರೇ ಚಿತ್ರ ಬೇಕಾಗಿತ್ತು. ಅವರನ್ನು ಕೇಳದೆ ಅದನ್ನು ಬೇರೆಯವರಿಗೆ ತೋರಿಸಿದ್ರು. ಹೆಸರು ಬಂದದ್ದು ಗಂಡಸರಿಗೆ."

ಮತ್ತೆ ಫಲಕದತ್ತ ನೋಡಿ, "ಈಗ ಮಾದರಿ ಪೂರ್ತಿ ಸರಿ ಆತು," ಎಂದರು.